ಕನ್ನಡದ ಪುಟಕ್ಕೆ ಕನ್ನಡದ್ದೇ ಪರೀಕ್ಷೆ



ದತ್ತಿ ಉಪನ್ಯಾಸದಲ್ಲಿ ವೆಬ್‌ಸೈಟ್ ಪರೀಕ್ಷೆಯ ಮಾತೇಕೆ ಎಂದು ಆಹ್ವಾನ ಪತ್ರಿಕೆ ನೋಡಿದ ಕೆಲವರು ಕೇಳಿದರು. ಕೀರ್ತನೆ, ತತ್ವಪದ, ಜನಪದ ಕೇಳಿ ರೂಢಿಯಾದ ವೇದಿಕೆ ಇದು. ಆದರೆ ಪಹಣಿ, ಜಾತಿ ಪ್ರಮಾಣಪತ್ರ, ಪಿಂಚಣಿ ಅರ್ಜಿ, ರೇಷ್ಮೆ ಗೂಡಿನ ಧಾರಣೆ, ಪಿಯುಸಿ ಫಲಿತಾಂಶ ಇವೆಲ್ಲ ಈಗ ಪರದೆಯ ಮೇಲಿನ ಕನ್ನಡ. ಆ ಕನ್ನಡ ದೃಷ್ಟಿಯಿಲ್ಲದವರಿಗೆ ಕೇಳಿಸದೆ ಹೋದರೆ, ಕೈ ನಡುಗುವವರಿಗೆ ಒತ್ತಲಾಗದೆ ಹೋದರೆ, ಅದು ಕಂಪ್ಯೂಟರಿನವರ ತಲೆನೋವು ಮಾತ್ರವಲ್ಲ, ಕನ್ನಡದ ಕೆಲಸ ಮಾಡುವವರ ತಲೆನೋವೂ ಹೌದು. ಪೀಠಿಕೆ ಇಷ್ಟು ಸಾಕು.

2012ರಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿ ಒಂದು ವರದಿ ಹೊರತಂದಿತು. ಭಾರತ ಸರಕಾರದ ಮತ್ತು ಅದಕ್ಕೆ ಸೇರಿದ ಸಂಸ್ಥೆಗಳ 7,800 ಜಾಲತಾಣಗಳನ್ನು ಪರೀಕ್ಷೆಗೆ ಹಚ್ಚಿದ್ದರು. 1,985 ತಾಣಗಳು ತೆರೆದುಕೊಳ್ಳಲೇ ಇಲ್ಲ. ಉಳಿದ 5,815 ತಾಣಗಳಲ್ಲಿ ಒಂದೂ ಬಿಡದಂತೆ ಎಲ್ಲದರಲ್ಲೂ ಅಂಗವಿಕಲರಿಗೆ ಏನಾದರೊಂದು ತೊಡಕು ಸಿಕ್ಕಿತು. ಸರಕಾರಿ ತಾಣಗಳು ಹೇಗಿರಬೇಕೆಂಬ ಕೇಂದ್ರದ ಮಾರ್ಗಸೂಚಿ ಬಂದದ್ದು 2009ರಲ್ಲಿ. ಅಂದರೆ ನಿಯಮ ಬಂದು ಮೂರು ವರ್ಷ ಕಳೆದ ಮೇಲಿನ ಸ್ಥಿತಿ ಇದು. ಇಷ್ಟು ಸಾವಿರ ತಾಣಗಳನ್ನು ಮನುಷ್ಯರೇ ಕೂತು ಒಂದೊಂದಾಗಿ ನೋಡುವುದಾದರೆ ವರದಿ ಇನ್ನೂ ಬರುತ್ತಿರಲಿಲ್ಲ. ಯಂತ್ರದ ಪರೀಕ್ಷೆಯ ಬಲ ಅಲ್ಲಿದೆ. ಅದರ ಮಿತಿ ಎಲ್ಲಿದೆ, ಅದರಲ್ಲೂ ಕನ್ನಡದ ಪುಟ ಎದುರಾದಾಗ ಅದು ಎಲ್ಲಿ ಎಡವುತ್ತದೆ ಎಂಬುದೇ ಇವತ್ತಿನ ನನ್ನ ಮಾತು.

ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಮಾಹಿತಿ ತಂತ್ರಜ್ಞಾನವೂ ಎಲ್ಲರಿಗೂ ಎಟಕಬೇಕೆಂದು ಹೇಳುತ್ತದೆ. ಕೇಂದ್ರದ ಮಾರ್ಗಸೂಚಿಯ ಮೂರನೆಯ ಆವೃತ್ತಿ 2023ರಲ್ಲಿ ಬಂತು. ಅದು ಡಬ್ಲ್ಯುಸಿಎಜಿ 2.1 ಎಂಬ ಅಂತರರಾಷ್ಟ್ರೀಯ ಮಾನದಂಡದ 'ಎಎ' ಮಟ್ಟವನ್ನು ಹಿಡಿದುಕೊಂಡಿದೆ. 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇಂಥ ನಿಯಮಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದಿತು. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ಡಿಜಿಟಲ್ ಸೇವೆ ಎಟಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಬರುತ್ತದೆ ಎಂದಿತು. ಆ್ಯಸಿಡ್ ದಾಳಿಗೆ ಸಿಕ್ಕವರು ಕಣ್ಣು ಮಿಟುಕಿಸಿ ತೋರಿಸಿದರೆ ಮಾತ್ರ ಬ್ಯಾಂಕಿನ ಕೆವೈಸಿ ಮುಗಿಯುತ್ತದೆ ಎಂಬ ವ್ಯವಸ್ಥೆಯ ವಿರುದ್ಧ ಸಲ್ಲಿಸಿದ್ದ ಅರ್ಜಿ ಅದು. ಕಾನೂನು ಸಾಕಷ್ಟಿದೆ. ನಮ್ಮಲ್ಲಿ ಕೊರತೆ ಇರುವುದು ಪರೀಕ್ಷೆಗೆ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು. ಆ ಲೆಕ್ಕದಲ್ಲಿ ಬಾರದವರೂ ಇದ್ದಾರೆ: ಪೊರೆ ಬಂದ ಕಣ್ಣಿನ ಅಜ್ಜಿ, ಮಧ್ಯಾಹ್ನದ ಬಿಸಿಲಲ್ಲಿ ಮಂಡಿಯ ಮುಂದೆ ನಿಂತು ಮೊಬೈಲಿಗೆ ಅಂಗೈ ಮರೆ ಮಾಡಿ ಟೊಮೆಟೊ ಬೆಲೆ ನೋಡುವ ರೈತ. ಹಿಂದೆ ಕೌಂಟರಿನ ಆಚೆ ಗುಮಾಸ್ತರು ಕೂತಿರುತ್ತಿದ್ದರು. ಗದರುತ್ತಿದ್ದರೋ ಏನೋ, "ಸ್ವಲ್ಪ ಓದಿ ಹೇಳಿ ಸಾರ್" ಎಂದಾದರೂ ಕೇಳಬಹುದಿತ್ತು. ಪುಟವನ್ನು ಹಾಗೆ ಕೇಳಲಾಗುವುದಿಲ್ಲ.

ಈಗ ಯಂತ್ರದ ಪರೀಕ್ಷೆ ಎಂದರೇನು ಎಂಬುದಕ್ಕೆ ಬರೋಣ. ಪುಟವೊಂದರ ಒಳಗಿನ ರಚನೆಯನ್ನು ಒಂದು ಪ್ರೋಗ್ರಾಂ ಓದುತ್ತದೆ. ಚಿತ್ರಕ್ಕೆ ವಿವರಣೆ ಇದೆಯೇ, ಅರ್ಜಿಯ ಪ್ರತಿ ಖಾನೆಗೂ ಹೆಸರು ಅಂಟಿದೆಯೇ, ಅಕ್ಷರದ ಬಣ್ಣಕ್ಕೂ ಹಿನ್ನೆಲೆಗೂ ಸಾಕಷ್ಟು ಅಂತರವಿದೆಯೇ, ಪುಟದ ಭಾಷೆ ಯಾವುದೆಂದು ನಮೂದಾಗಿದೆಯೇ ಎಂದು ಒಂದೊಂದೇ ನಿಯಮ ಹಚ್ಚಿ ನೋಡುತ್ತದೆ. ಡೀಕ್ಯೂ ಕಂಪನಿ 2015ರಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟ ಆ್ಯಕ್ಸ್-ಕೋರ್ ಇವತ್ತು ಬಹಳ ಕಡೆ ಓಡುವ ಎಂಜಿನ್. ಗೂಗಲ್ಲಿನ ಲೈಟ್‌ಹೌಸ್ ನೂರಕ್ಕೆ ಇಷ್ಟು ಎಂದು ಅಂಕ ಕೊಡುವುದೂ ಇದನ್ನೇ ಬಳಸಿಕೊಂಡು. ಅಮೆರಿಕದ ಯೂಟಾದ ವೆಬ್‌ಏಮ್ ಸಂಸ್ಥೆ 2019ರಿಂದ ಪ್ರತಿ ವರ್ಷ ಹತ್ತು ಲಕ್ಷ ತಾಣಗಳ ಮುಖಪುಟಗಳನ್ನು ಹೀಗೆ ಯಂತ್ರದಿಂದಲೇ ತಪಾಸಣೆ ಮಾಡುತ್ತದೆ. 2025ರಲ್ಲಿ ನೂರಕ್ಕೆ 94.8 ಪುಟಗಳಲ್ಲಿ ತಪ್ಪು ಸಿಕ್ಕಿತು. ಅದರಲ್ಲೂ ಬಹುಪಾಲು ಆರೇ ಬಗೆಯ ತಪ್ಪು: ಮಸುಕಾದ ಅಕ್ಷರ, ವಿವರಣೆಯಿಲ್ಲದ ಚಿತ್ರ, ಹೆಸರಿಲ್ಲದ ಖಾನೆ, ಖಾಲಿ ಕೊಂಡಿ, ಖಾಲಿ ಗುಂಡಿ, ಭಾಷೆ ನಮೂದಿಸದ ಪುಟ. ಇವನ್ನೆಲ್ಲ ಒಂದು ಮಧ್ಯಾಹ್ನದಲ್ಲಿ ತಿದ್ದಬಹುದು. ತಿದ್ದದೆ ಇರುವುದಕ್ಕೆ ಕಷ್ಟ ಕಾರಣವಲ್ಲ, ಯಾರೂ ನೋಡದಿರುವುದು ಕಾರಣ.

ಹಾಗಾದರೆ ಯಂತ್ರ ಎಷ್ಟು ಹಿಡಿಯುತ್ತದೆ? ಬ್ರಿಟನ್ ಸರಕಾರದ ಡಿಜಿಟಲ್ ಸೇವೆಯವರು 2017ರಲ್ಲಿ ಇದನ್ನು ಅಳೆದರು. ಬೇಕೆಂದೇ ನೂರನಲವತ್ತಕ್ಕೂ ಹೆಚ್ಚು ತೊಡಕು ತುಂಬಿದ ಒಂದು ಪುಟ ಕಟ್ಟಿ, ಆಗಿನ ಹಲವು ಉಪಕರಣಗಳನ್ನು ಅದರ ಮೇಲೆ ಬಿಟ್ಟರು. ಎಲ್ಲಕ್ಕಿಂತ ಚುರುಕಾದ ಉಪಕರಣ ಹಿಡಿದದ್ದು ನೂರಕ್ಕೆ ಸುಮಾರು 40, ಮಂದವಾದದ್ದು 13. ಮ್ಯಾನುಯೆಲ್ ಮತುಜೊವಿಚ್ ಎಂಬ ವೆಬ್ ತಜ್ಞ 2019ರಲ್ಲಿ ಇನ್ನೂ ಕುಚೋದ್ಯ ಮಾಡಿದ. ಕೀಲಿಮಣೆಗೂ ಬಗ್ಗದ, ಮೌಸಿಗೂ ಸಿಗದ, ಪರದೆಯ ಬರಹ ಓದಿ ಹೇಳುವ ಸ್ಕ್ರೀನ್ ರೀಡರಿಗೂ ಕಾಣದ ಒಂದು ಪುಟ ಮಾಡಿ ಲೈಟ್‌ಹೌಸಿನಿಂದ ನೂರಕ್ಕೆ ನೂರು ಅಂಕ ತೆಗೆಸಿದ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ವಿಚಾರವಾದಿ ಎಚ್. ನರಸಿಂಹಯ್ಯನವರು ಇದ್ದಿದ್ದರೆ ಆ ಅಂಕಪಟ್ಟಿಯನ್ನು ನೋಡಿ ಏನು ಕೇಳುತ್ತಿದ್ದರೋ ಊಹಿಸಿಕೊಳ್ಳಿ. ನೂರು ಅಂಕ ಬಂತು ಎಂದೊಡನೆ ಒಪ್ಪುವ ಆಸಾಮಿ ಅವರಾಗಿರಲಿಲ್ಲ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಬಲ್ಲವರಿಗೆ ಇದು ಹೊಸದಲ್ಲ. ಎಲೆಕ್ಟ್ರಾನಿಕ್ ತಕ್ಕಡಿ ತೂಕವನ್ನು ಗ್ರಾಮಿನ ಮಟ್ಟಕ್ಕೆ ಹೇಳುತ್ತದೆ, ಅದರೊಡನೆ ಜಗಳ ಸಲ್ಲದು. ಆದರೆ ಆ ಲಾಟಿನಿಂದ ನೂಲು ಎಷ್ಟು ಬಿಚ್ಚೀತು ಎಂಬುದನ್ನು ರೀಲರು ಗೂಡಿನ ರಾಶಿಗೆ ಕೈ ಹಾಕಿ, ನಾಲ್ಕು ಗೂಡು ಅಲ್ಲಾಡಿಸಿ, ಹಿಚುಕಿ ನೋಡಿಯೇ ಹೇಳಬೇಕು. ತಕ್ಕಡಿ ಬೇಡ ಎನ್ನುವ ರೀಲರೂ ಇಲ್ಲ, ತಕ್ಕಡಿ ನೋಡಿಯೇ ಬೆಲೆ ಕೂಗುವ ರೀಲರೂ ಇಲ್ಲ.

ಇಷ್ಟೆಲ್ಲ ಇಂಗ್ಲಿಷ್ ಪುಟಕ್ಕೂ ಅನ್ವಯಿಸುವ ಮಾತು. ಕನ್ನಡದ ಪುಟದಲ್ಲಿ ಯಂತ್ರ ಇನ್ನೂ ಬೇರೆ ಬಗೆಯಲ್ಲಿ ಮೋಸ ಹೋಗುತ್ತದೆ. ಒಂದು ಪುಟ ಊಹಿಸಿಕೊಳ್ಳಿ: ಇವತ್ತಿನ ಗೂಡಿನ ಧಾರಣೆ. ಮಿಶ್ರತಳಿ, ದ್ವಿತಳಿ, ಗರಿಷ್ಠ, ಕನಿಷ್ಠ, ಸರಾಸರಿ ಎಲ್ಲ ಚೆನ್ನಾದ ಯೂನಿಕೋಡ್ ಕನ್ನಡದಲ್ಲಿದೆ. ಆದರೆ ಪುಟ ಕಟ್ಟಿದವರು ಇಂಗ್ಲಿಷಿನ ಒಂದು ಮಾದರಿ ಎತ್ತಿಕೊಂಡು ಅದರೊಳಗೆ ಕನ್ನಡ ತುಂಬಿದ್ದಾರೆ. ಪುಟದ ಭಾಷೆ ಎಂಬಲ್ಲಿ 'ಇಎನ್' ಎಂದಿದ್ದದ್ದು ಹಾಗೇ ಉಳಿದಿದೆ, 'ಕೆಎನ್' ಆಗಿಲ್ಲ. ಕಣ್ಣಿದ್ದವರಿಗೆ ಇದರಿಂದ ಏನೂ ನಷ್ಟವಿಲ್ಲ. ಸ್ಕ್ರೀನ್ ರೀಡರ್ ಮಾತ್ರ ಆ ನಮೂದನ್ನು ನಂಬಿ ಇಂಗ್ಲಿಷ್ ಧ್ವನಿಯನ್ನು ಎಬ್ಬಿಸುತ್ತದೆ. ಎಷ್ಟೋ ಇಂಗ್ಲಿಷ್ ಧ್ವನಿಗಳು ಗೊತ್ತಿಲ್ಲದ ಅಕ್ಷರ ಬಂದರೆ ಹಾರಿಸಿಬಿಡುತ್ತವೆ, ಅಂಕಿ ಸಿಕ್ಕರೆ ಓದುತ್ತವೆ. ಕೇಳುತ್ತಿರುವವರಿಗೆ ಬರೀ ಇಂಗ್ಲಿಷಿನಲ್ಲಿ ಸಂಖ್ಯೆಗಳ ಮಳೆ. ಯಾವುದು ದ್ವಿತಳಿ, ಯಾವುದು ಮಿಶ್ರತಳಿ, ಯಾವುದು ಕನಿಷ್ಠ ಎಂದು ತಿಳಿಯುವುದೇ ಇಲ್ಲ. ಆ್ಯಕ್ಸ್ ಈ ಪುಟವನ್ನು ಪಾಸು ಮಾಡುತ್ತದೆ. ಭಾಷೆ ನಮೂದಾಗಿದೆಯೇ ಎಂದು ನೋಡುತ್ತದೆ, ಆಗಿದೆ. ನಮೂದಾದ ಭಾಷೆ ಲೋಕದಲ್ಲಿ ಇರುವ ಭಾಷೆಯೇ ಎಂದು ನೋಡುತ್ತದೆ, ಹೌದು. ನಮೂದಾದ ಭಾಷೆಯೂ ಪುಟದಲ್ಲಿರುವ ಭಾಷೆಯೂ ಒಂದೇ ಏನು ಎಂದು ಕೇಳುವುದಿಲ್ಲ.

ಈ ಪ್ರಶ್ನೆಯನ್ನು ನಾವು ಕೇಳಿಸಬಹುದು. ಯೂನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದದ್ದು 3200ರಿಂದ 3327ರವರೆಗಿನ 128 ಮನೆ. ಪುಟದಲ್ಲಿರುವ ಅಕ್ಷರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಮನೆಗಳಿಗೆ ಸೇರಿದ್ದು, ಭಾಷೆ ಮಾತ್ರ ಕನ್ನಡ ಎಂದಿರದಿದ್ದರೆ ತಪ್ಪು ಎಂದು ಹೇಳುವ ನಿಯಮ ಬರೆಯಲು ಬಿಸಿಎ ಎರಡನೇ ವರ್ಷದ ವಿದ್ಯಾರ್ಥಿ ಸಾಕು. ಹತ್ತಿಪ್ಪತ್ತು ಸಾಲಿನ ಕೆಲಸ.

ಎರಡನೆಯದು ನುಡಿಯ ಕಥೆ. ಈಗಿನ ನುಡಿ ತಂತ್ರಾಂಶದಲ್ಲಿ ಯೂನಿಕೋಡ್ ಇದೆ. ಆದರೆ ಕಚೇರಿಗಳಲ್ಲಿ ಕೈ ಪಳಗಿದ್ದು ಹಳೆಯ ಸಂಕೇತಕ್ಕೆ, ಹಳೆಯ ಕಡತಗಳೂ ಅದರಲ್ಲೇ ಇವೆ. ಆ ಹಳೆಯ ಪದ್ಧತಿಯಲ್ಲಿ 'ಕನ್ನಡ' ಎಂದು ಟೈಪ್ ಮಾಡಿದರೆ ಕಂಪ್ಯೂಟರಿನ ಒಳಗೆ ಕೂರುವುದು ಏಳು ರೋಮನ್ ಗುರುತು. 'ಕ' ಎಂಬಲ್ಲಿ ಇಂಗ್ಲಿಷಿನ ಪಿ, 'ನ' ಎಂಬಲ್ಲಿ ಬ್ರಿಟಿಷರ ಪೌಂಡಿನ ಚಿಹ್ನೆ, ನ ಒತ್ತಿಗೆ ಜರ್ಮನರ ಒಂದು ಅಕ್ಷರ, 'ಡ' ಎಂಬಲ್ಲಿ ಕ್ಯು. ಅವುಗಳ ನಡುವೆ ಮೂರು ಸಲ, ನೆತ್ತಿಯ ಮೇಲೆ ಓರೆ ಗೀಟು ಹೊತ್ತ ಫ್ರೆಂಚರ ಎ. ಫಾಂಟ್ ಎಂಬ ವೇಷ ತೊಟ್ಟಾಗ ಕಣ್ಣಿಗೆ ಇದು ಕನ್ನಡ. ಸ್ಕ್ರೀನ್ ರೀಡರ್ ವೇಷ ನೋಡುವುದಿಲ್ಲ, ಒಳಗಿನದನ್ನು ಓದುತ್ತದೆ. ಹುಡುಕಾಟದ ಎಂಜಿನ್ನಿಗೂ ಇದು ಕನ್ನಡವಲ್ಲ. ಸಿದ್ಧ ಉಪಕರಣಗಳಿಗೆ ಇಲ್ಲಿ ಅಕ್ಷರ ಕಾಣುತ್ತದೆ, ಬಣ್ಣ ಸರಿಯಿದೆ, ಪಾಸು.

ಇದನ್ನು ಹಿಡಿಯಲು ಆ ಓರೆ ಗೀಟಿನ ಎ ಸಾಕು. ಹಳೆಯ ನುಡಿಯ ಬರಹದಲ್ಲಿ ಅದು ಹೆಜ್ಜೆಹೆಜ್ಜೆಗೂ ಬರುತ್ತದೆ. ಕಡತದ ಹತ್ತು ಗುರುತುಗಳಲ್ಲಿ ಒಂದಕ್ಕಿಂತ ಹೆಚ್ಚು ಅದೇ ಆಗಿದ್ದು, ಕನ್ನಡದ 128 ಮನೆಗಳೂ ಖಾಲಿಯಿದ್ದರೆ ನುಡಿ ಎಂದು ಗುರುತು ಹಾಕಿ. ನಿಜವಾದ ಫ್ರೆಂಚ್ ಪುಟವೇ ಸಿಕ್ಕಿಬಿದ್ದೀತು ಎಂಬ ಅಂಜಿಕೆ ಚಿಂತಾಮಣಿಯಲ್ಲಿ ಬೇಡ.

ಮೂರನೆಯದು ನಮ್ಮ ಕಚೇರಿಗಳ ನಡಾವಳಿಗೇ ಅಂಟಿದ್ದು. ದೇಶದ ಜಿಲ್ಲಾ ಜಾಲತಾಣಗಳಿಗೆ ಕೇಂದ್ರ ಸರಕಾರದ ಎನ್‌ಐಸಿಯವರು ಎಸ್‌ತ್ರೀವಾಸ್ ಎಂಬ ಒಂದೇ ಅಚ್ಚು ಒದಗಿಸುತ್ತಾರೆ. ಆ ಹೆಸರನ್ನು ಬಿಡಿಸಿದರೆ ಒಳಗೆ 'ಸುಗಮ್ಯ' ಎಂಬ ಮಾತೇ ಇದೆ. ಅಚ್ಚು ಒಳ್ಳೆಯದೇ. ತೊಂದರೆ ಇರುವುದು ಅದರೊಳಗೆ ದಿನವೂ ತುಂಬುವ ಪಿಡಿಎಫ್‌ನಲ್ಲಿ. ಪ್ರಕಟಣೆಯೊಂದು ಹುಟ್ಟುವ ಕ್ರಮ ನೋಡಿ: ಕಂಪ್ಯೂಟರಿನಲ್ಲಿ ಟೈಪ್ ಆಗುತ್ತದೆ, ಪ್ರಿಂಟ್ ಆಗುತ್ತದೆ, ಸಾಹೇಬರ ಹಸಿರು ಶಾಯಿಯ ಸಹಿ ಬೀಳುತ್ತದೆ, ಮೊಹರು ಬೀಳುತ್ತದೆ, ಆಮೇಲೆ ಅದನ್ನು ಸ್ಕ್ಯಾನ್ ಮಾಡಿ ಏರಿಸುತ್ತಾರೆ. ಕಂಪ್ಯೂಟರಿನಲ್ಲೇ ಇದ್ದ ಅಕ್ಷರವನ್ನು ಕಾಗದಕ್ಕೆ ಇಳಿಸಿ, ಅದರ ಫೋಟೊ ತೆಗೆದು, ಮತ್ತೆ ಕಂಪ್ಯೂಟರಿಗೆ ಕೊಡುವ ಈ ಪ್ರದಕ್ಷಿಣೆಯಲ್ಲಿ ಬರಹ ಹೋಗಿ ಚಿತ್ರ ಉಳಿಯುತ್ತದೆ. ಅಂಗವಿಕಲರ ಸೌಲಭ್ಯಕ್ಕೆ ಅರ್ಜಿ ಕರೆದ ಪ್ರಕಟಣೆಯೇ ಹೀಗೆ ಬಂದಿದ್ದರೆ ಏನು ಹೇಳೋಣ? ಪುಟ ಪರೀಕ್ಷಿಸುವ ಯಂತ್ರ ಪಿಡಿಎಫ್‌ನ ಕೊಂಡಿಯವರೆಗೆ ಬಂದು ಕೊಂಡಿಗೆ ಹೆಸರಿದೆ ಎಂದು ತೃಪ್ತಿಪಟ್ಟು ಹಿಂದಿರುಗುತ್ತದೆ. ಪಿಡಿಎಫ್‌ನ ಒಳಗಿನ ಪರೀಕ್ಷೆ ಮಾತ್ರ ಬಹಳ ಸುಲಭ. ಪ್ರತಿ ಪಿಡಿಎಫ್‌ನಿಂದ ಅಕ್ಷರ ಹೊರತೆಗೆಯಲು ಯತ್ನಿಸಿ, ಶೂನ್ಯ ಬಂದರೆ ಅದು ಫೋಟೊ. ಸಹಿ ಬಿದ್ದ ಪ್ರತಿ ಬೇಕೇ ಬೇಕು ಎಂದರೆ ಅದರ ಪಕ್ಕದಲ್ಲೇ ಅದೇ ವಿಷಯವನ್ನು ಯೂನಿಕೋಡ್ ಬರಹವಾಗಿ ಪುಟದ ಮೇಲೂ ಹಾಕಲಿ. ಡಿಜಿಟಲ್ ಸಹಿಯ ದಾರಿಯೂ ಇದೆ.

ಬಣ್ಣದ ವಿಷಯದಲ್ಲಿ ಯಂತ್ರವನ್ನು ಮೆಚ್ಚಬೇಕು, ಅದರ ಲೆಕ್ಕ ತಪ್ಪುವುದಿಲ್ಲ. ಸಾಧಾರಣ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅಂತರ ಕನಿಷ್ಠ 4.5ಕ್ಕೆ 1, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಇರಬೇಕು. ಬಿಳಿಯ ಮೇಲೆ ಕಪ್ಪು 21. ನಮ್ಮ ರಾಜ್ಯೋತ್ಸವದ ಬಣ್ಣ, ಅಚ್ಚ ಕೆಂಪಿನ ಮೇಲೆ ಅಚ್ಚ ಹಳದಿ, ಎಷ್ಟು ಬರುತ್ತದೆ ಗೊತ್ತೇ? 3.72. ಶೀರ್ಷಿಕೆಗೆ ಧಾರಾಳವಾಗಿ ಬಳಸಿ, ಸಣ್ಣ ಅಕ್ಷರದ ಸುದ್ದಿಗೆ ಬೇಡ. ಇದು ಬಾವುಟದ ಮೇಲಿನ ದೂರಲ್ಲ, ದಯವಿಟ್ಟು ಯಾರೂ ಎದ್ದು ನಿಲ್ಲಬೇಡಿ. ಪುಟದ ನೆತ್ತಿಯಲ್ಲಿ 'ಅ- ಅ ಅ+' ಎಂದು ಮೂರು ಗುಂಡಿ ಇಟ್ಟರೆ ಕೆಲಸ ಮುಗಿಯಿತು ಎಂದುಕೊಂಡವರಿಗೂ ಒಂದು ಮಾತು: ಅಕ್ಷರ ಹಿಗ್ಗಿಸುವ ಶಕ್ತಿ ಬ್ರೌಸರಿನಲ್ಲೇ ಇದೆ. ಹಿಗ್ಗಿಸಿದಾಗ ಪುಟ ಮುರಿಯದಂತೆ ಕಟ್ಟುವುದು ನಿಮ್ಮ ಕೆಲಸ.

ಹಿಗ್ಗಿಸಿದಾಗ ಮುರಿಯುವುದು ಮೊದಲು ನಮ್ಮ ಒತ್ತಕ್ಷರ. ರೋಮನ್ ಲಿಪಿಯ ಎತ್ತರ ನೋಡಿ ಕಟ್ಟಿದ ಗುಂಡಿಯೊಳಗೆ 'ರದ್ದು' ಎಂದು ಬರೆದರೆ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತದೆ, 'ಸಲ್ಲಿಸಿ' ಹೋಗಿ 'ಸಲಿಸಿ' ಆಗುತ್ತದೆ. ಪೆಟ್ಟಿಗೆಯ ಎತ್ತರವನ್ನೂ ಒಳಗಿನ ಬರಹ ಬೇಡುವ ಎತ್ತರವನ್ನೂ ಬ್ರೌಸರನ್ನೇ ಕೇಳಿ ಹೋಲಿಸಿದರೆ ಇದನ್ನೂ ಬಹುಮಟ್ಟಿಗೆ ಯಂತ್ರದಿಂದ ಹಿಡಿಯಬಹುದು.

ಇನ್ನು ಯಂತ್ರ ತಾನೇ ಕೈಚೆಲ್ಲುವ ಜಾಗ. ಆ್ಯಕ್ಸ್ ಕೊಡುವ ವರದಿಯಲ್ಲಿ ನಾಲ್ಕು ಪಂಗಡ: ತಪ್ಪಿದ್ದು, ಪಾಸಾದದ್ದು, ಅನ್ವಯಿಸದ್ದು, ಮತ್ತು ನನಗೆ ತಿಳಿಯಲಿಲ್ಲ, ನೀವೇ ನೋಡಿ ಎನ್ನುವಂಥದ್ದು. ಕೊನೆಯದನ್ನು ಯಾರೂ ತೆರೆಯುವುದಿಲ್ಲ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಪುಟ ಕಟ್ಟುವವರಿಗೆ ನಂದಿ ಬೆಟ್ಟದ ಮಂಜಿನ ಫೋಟೊ ಹಾಕಿ ಅದರ ಮೇಲೆ ಬಿಳಿ ಅಕ್ಷರ ಬರೆಯದಿದ್ದರೆ ಸಮಾಧಾನವಿಲ್ಲ. ಫೋಟೊದ ಮೇಲಿನ ಅಕ್ಷರದ ಅಂತರ ಎಷ್ಟೆಂದು ಯಂತ್ರಕ್ಕೆ ಹೇಳಲಾಗದು. ಮಂಜಿರುವ ಕಡೆ ಕಾಣದು, ಬಂಡೆಯಿರುವ ಕಡೆ ಕಾಣುತ್ತದೆ. ಹೀಗಾಗಿ ಅದು ನಾಲ್ಕನೆಯ ಪಂಗಡಕ್ಕೆ ಬೀಳುತ್ತದೆ. ತಪ್ಪುಗಳ ಪಟ್ಟಿ ಸೊನ್ನೆ ಎಂದು ಬೀಗುವ ಮೊದಲು ಆ ಪಟ್ಟಿ ಓದಿ.

ನಾನು ಹೇಳಿದ ಕನ್ನಡದ ನಿಯಮವೂ ಎಡವುತ್ತದೆ, ಎಡವುವ ಜಾಗ ನಮ್ಮ ಜಿಲ್ಲೆಯಲ್ಲೇ ಇದೆ. ಚಿಂತಾಮಣಿ ತಾಲ್ಲೂಕಿನ ಕೈವಾರದ ಸಂತಕವಿ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದರು. ಅವರ ತೆಲುಗು ಕೀರ್ತನೆಗಳನ್ನು ಈ ಸೀಮೆಯಲ್ಲಿ ಕನ್ನಡ ಲಿಪಿಯಲ್ಲೇ ಓದುತ್ತೇವೆ. ಅಂಥ ಕೀರ್ತನೆ ಇರುವ ಪುಟವನ್ನು ನಮ್ಮ ನಿಯಮ ಅಕ್ಷರ ನೋಡಿ ಕನ್ನಡ ಎಂದು ಹಟ ಹಿಡಿಯುತ್ತದೆ. ಲಿಪಿ ಕನ್ನಡ, ಭಾಷೆ ತೆಲುಗು ಎಂದು ಒಟ್ಟಿಗೆ ಹೇಳುವ ಸಂಕೇತ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಇದೆ. ಭಾಷೆಯ ಸಂಕೇತದ ಬಳಿಕ ಲಿಪಿಯ ನಾಲ್ಕಕ್ಷರದ ಸಂಕೇತ ಸೇರಿಸಿದರಾಯಿತು. ನಿಯಮ ಅದನ್ನು ಒಪ್ಪುವಂತೆ ತಿದ್ದಬೇಕು. ಎರಡು ಭಾಷೆ ಒಂದೇ ಮನೆಯಲ್ಲಿ ಆಡುವ ಊರಿನವರು ಬರೆಯದಿದ್ದರೆ ಈ ತಿದ್ದುಪಡಿ ಯಾರಿಗೆ ಹೊಳೆಯಬೇಕು?

ಇದನ್ನು ನಡೆಸುವುದು ಹೇಗೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ತಾಣದ ಎಲ್ಲ ಪುಟ ಬೇಡ. ಜನ ಹೆಚ್ಚಾಗಿ ಬಳಸುವ ಪುಟಗಳನ್ನೂ ಅಚ್ಚಿನ ಒಂದೊಂದು ಮಾದರಿಯನ್ನೂ ಆರಿಸಿಕೊಳ್ಳಿ. ಪ್ಲೇರೈಟ್ ಎಂಬ ಉಚಿತ ಸಾಧನ ಪರದೆಯಿಲ್ಲದೆ ಬ್ರೌಸರನ್ನು ಓಡಿಸುತ್ತದೆ. ಅದರೊಳಗೆ ಆ್ಯಕ್ಸ್ ಕೂರಿಸಿ, ಪಕ್ಕದಲ್ಲಿ ನಮ್ಮ ಭಾಷೆ, ನುಡಿ, ಫೋಟೊ-ಪಿಡಿಎಫ್, ಒತ್ತು ನಿಯಮಗಳನ್ನು ಇಡಿ. ಆ್ಯಕ್ಸಿಗೆ ಅನುವಾದದ ಕಡತ ಕೊಟ್ಟರೆ ವರದಿ ಕನ್ನಡದಲ್ಲೇ ಬರುತ್ತದೆ. ಪುಟ ಬದಲಾದಾಗಲೆಲ್ಲ ಒಂದು ಸಲ, ಬದಲಾಗದಿದ್ದರೂ ರಾತ್ರಿಗೊಂದು ಸಲ ಓಡಲಿ. ಸರಕಾರಿ ತಾಣದಲ್ಲಿ ಬದಲಾವಣೆ ಹೇಳಿ ಕೇಳಿ ಬರುವುದಿಲ್ಲ.

ಮೊದಲ ದಿನ ನೂರಾರು ತಪ್ಪು ಸುರಿಯುತ್ತವೆ. ಬಹಳ ಕಡೆ ಪರೀಕ್ಷೆ ಸಾಯುವುದು ಅಲ್ಲಿಯೇ: ಪಟ್ಟಿ ನೋಡಿ ಗಾಬರಿಯಾಗಿ ಪರೀಕ್ಷೆಯನ್ನೇ ಆಫ್ ಮಾಡುತ್ತಾರೆ. ಹಾಗೆ ಮಾಡದೆ ಆ ದಿನದ ತಪ್ಪುಗಳನ್ನು ಹಳೆ ಬಾಕಿ ಎಂದು ಬರೆದಿಡಿ, ಹೊಸ ತಪ್ಪಿಗೆ ಮಾತ್ರ ಬಾಗಿಲು ಹಾಕಿ. ಹಳೆ ಬಾಕಿ ತಿಂಗಳಿಗೆ ಇಷ್ಟು ಎಂದು ಇಳಿಯಲಿ. ಚಿಕ್ಕಬಳ್ಳಾಪುರದ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಮುದ್ದೇನಹಳ್ಳಿಯ ವಿಟಿಯು ಕೇಂದ್ರದಲ್ಲಿ, ಜಿಲ್ಲೆಯ ಪದವಿ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುವ ಮಕ್ಕಳಿದ್ದಾರೆ. ಇನ್ನೊಂದು ಲೈಬ್ರರಿ ನಿರ್ವಹಣೆಯ ತಂತ್ರಾಂಶ ಈ ಜಗತ್ತಿಗೆ ಬೇಡ. ಮೊದಲು ತಮ್ಮ ಕಾಲೇಜಿನ ತಾಣದ ಮೇಲೆಯೇ ಓಡಿಸಿ ನೋಡಲಿ.

ಯಂತ್ರ ಮುಗಿಸಿದ ಮೇಲೆ ಮನುಷ್ಯರ ಸರದಿ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತ. ಆಸ್ಟ್ರೇಲಿಯಾದ ಇಬ್ಬರು ದೃಷ್ಟಿಹೀನ ಗೆಳೆಯರು, ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ, ಕಟ್ಟಿ ಬೆಳೆಸಿದ್ದು. ಕನ್ನಡವನ್ನೂ ಓದುತ್ತದೆ, ಉಚ್ಚಾರಣೆ ಸ್ವಲ್ಪ ಒರಟು. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಇದೆ. ಕಣ್ಣಿದ್ದವರು ಒಂದು ಗಂಟೆ ಕಣ್ಣು ಮುಚ್ಚಿಕೊಂಡು ಇದನ್ನು ಬಳಸಿ ವರದಿ ಬರೆಯುವುದು ಪರೀಕ್ಷೆಯಲ್ಲ, ಅನುಭವ ಪ್ರವಾಸ. ದಿನವೂ ಬಳಸುವವರನ್ನೇ ಕರೆಯಬೇಕು. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಯಾರು ಎಲ್ಲಿದ್ದಾರೆಂದು ಅವರಿಗೆ ಗೊತ್ತು. ಕರೆದವರಿಗೆ ಕೆಲಸವನ್ನು ಸ್ಪಷ್ಟವಾಗಿ ಹೇಳಿ: ಇವತ್ತಿನ ದ್ವಿತಳಿ ಗೂಡಿನ ಸರಾಸರಿ ಬೆಲೆ ಹುಡುಕಿ, ಪಿಂಚಣಿ ಅರ್ಜಿ ತುಂಬಿ ಸಲ್ಲಿಸಿ, ಒಟಿಪಿ ಬಂದು ಅವಧಿ ಮುಗಿಯುವುದರೊಳಗೆ ಅದನ್ನು ಒತ್ತಲಾಯಿತೇ ನೋಡಿ. ಚಿತ್ರದೊಳಗಿನ ವಕ್ರ ಅಕ್ಷರ ನೋಡಿ ಟೈಪ್ ಮಾಡಿ ಎಂಬ ಕ್ಯಾಪ್ಚಾ ಬಂದರೆ ಅಲ್ಲಿಗೇ ನಿಲ್ಲುತ್ತಾರೆ. 'ಕ್ಯಾಪ್ಚಾ ಚಿತ್ರ' ಎಂಬ ವಿವರಣೆ ಇದ್ದ ಕಾರಣ ಯಂತ್ರ ಅದನ್ನು ಪಾಸು ಮಾಡಿರುತ್ತದೆ. ಈ ಕೆಲಸಕ್ಕೆ ಅವರಿಗೆ ಸಂಬಳ ಕೊಡಬೇಕು. ಶಾಲು, ಹಾರ, ಫೋಟೊ ಸಾಲದು.

ಕೊನೆಗೆ ಟೆಂಡರಿನ ಮಾತು. ನಗರಸಭೆ ಇರಲಿ, ಕಾಲೇಜು ಇರಲಿ, ಸಹಕಾರಿ ಬ್ಯಾಂಕು ಇರಲಿ, ತಾಣ ಕಟ್ಟಿಸುವಾಗ ಕರಾರಿನಲ್ಲಿ 'ತಾಣವು ಅಂಗವಿಕಲಸ್ನೇಹಿಯಾಗಿರತಕ್ಕದ್ದು' ಎಂಬ ಒಂದು ಸಾಲು ಬರೆದು ಬಿಡುತ್ತಾರೆ. ಅದನ್ನು ಅಳೆಯುವ ಬಗೆ ಬರೆಯದ ಕಾರಣ ಕಟ್ಟಿದವರು ಲೈಟ್‌ಹೌಸಿನ ಅಂಕಪಟ್ಟಿ ಲಗತ್ತಿಸಿ ಬಿಲ್ಲು ತೆಗೆದುಕೊಂಡು ಹೋಗುತ್ತಾರೆ. ಅದರ ಬದಲು ಹೀಗೆ ಬರೆಯಿರಿ: ಡಬ್ಲ್ಯುಸಿಎಜಿ 2.1 ಎಎ ನಿಯಮಗಳಲ್ಲಿ ಯಂತ್ರ ಹಿಡಿಯುವ ತಪ್ಪು ಸೊನ್ನೆ. ನೀವೇ ನೋಡಿ ಎಂದ ಪಟ್ಟಿಯ ಪ್ರತಿ ಸಾಲಿಗೂ ಲಿಖಿತ ಉತ್ತರ. ಕನ್ನಡದ ಪುಟಕ್ಕೆ ಕನ್ನಡವೆಂದೇ ನಮೂದು. ಹಳೆಯ ನುಡಿ ಸಂಕೇತವಾಗಲಿ ಬರಹವಿಲ್ಲದ ಪಿಡಿಎಫ್ ಆಗಲಿ ಸಲ್ಲದು. ಸ್ಕ್ರೀನ್ ರೀಡರ್ ಬಳಸುವ ಇಬ್ಬರು ನಿಗದಿತ ಕೆಲಸಗಳನ್ನು ಯಾರ ಸಹಾಯವೂ ಇಲ್ಲದೆ ಮುಗಿಸಿ ಸಹಿ ಹಾಕಿದ ಮೇಲೆಯೇ ಕೊನೆಯ ಕಂತು ಬಿಡುಗಡೆ. ಈ ಐದು ಷರತ್ತುಗಳ ಕರಡನ್ನು ಸಂಘಟಕರ ಬಳಿ ಕೊಟ್ಟಿದ್ದೇನೆ. ಯೂನಿಕೋಡಿನಲ್ಲೇ ಇದೆ, ಬೇಕಾದವರು ಪಡೆದುಕೊಳ್ಳಬಹುದು.